‘ಪೊಲೀಸ್ ಸ್ಟೋರಿ’ಯ ಎರಡನೇ ಭಾಗ ಮತ್ತು ಕೇರಿಯ ಕಿವಿ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಹೊಡೆದಾಟದ ಸಿನಿಮಾಕ್ಕೇನು ಕೆಲಸ ಎಂದು ಕೇಳುವವರು ಇದ್ದೇ ಇರುತ್ತಾರೆ. ನಮ್ಮ ವಿಮರ್ಶೆ ಇಲ್ಲಿಯವರೆಗೆ ಪುಸ್ತಕಗಳ ಸುತ್ತಲೇ ಗಿರಕಿ ಹೊಡೆದಿದೆ. ‘ಕುಸುಮಬಾಲೆ’ಯ ಭಾಷೆಯ ಬಗ್ಗೆ ಎಷ್ಟೋ ಪುಟ ಬರೆದಿದ್ದೇವೆ, ಬರೆಯಬೇಕಾದದ್ದೇ. ಆದರೆ ಎಚ್.ಡಿ. ಕೋಟೆ ಸೀಮೆಯ ಕೇರಿಗಳಲ್ಲಿ ಆ ಪುಸ್ತಕ ಓದಿದವರಿಗಿಂತ ಸಾಯಿಕುಮಾರ್ ಡೈಲಾಗು ಬಾಯಿಪಾಠ ಮಾಡಿದವರೇ ಹೆಚ್ಚು. ಕಬಿನಿ ಕಟ್ಟೆಯ ಮಗ್ಗುಲಿನ ನಮ್ಮ ಬೀಚನಹಳ್ಳಿಯಲ್ಲೂ ಅಷ್ಟೇ. ಜನ ಬಾಯಿಪಾಠ ಮಾಡಿದ್ದನ್ನು ವಿಮರ್ಶೆ ಮುಟ್ಟುವುದಿಲ್ಲ ಅಂದರೆ ಅದೂ ಒಂದು ಬಗೆಯ ಮಡಿಯೇ.

1996ರ ‘ಪೊಲೀಸ್ ಸ್ಟೋರಿ’ ನಾನು ಹುಟ್ಟುವ ಮುಂಚೆ ಬಂದದ್ದು. ನೋಡಿದ್ದೆಲ್ಲ ಟೀವಿಯಲ್ಲಿ, ಎಷ್ಟು ಸಲವೋ ಲೆಕ್ಕವಿಲ್ಲ. ನಿರ್ದೇಶಕ ಥ್ರಿಲ್ಲರ್ ಮಂಜು ಮೂಲತಃ ಸಾಹಸ ಸಂಯೋಜಕರು. ಆದರೆ ಈ ಸಿನಿಮಾದ ನಿಜವಾದ ಹೊಡೆದಾಟ ನಡೆಯುವುದು ನಾಲಗೆಯಲ್ಲಿ. ಸಾಯಿಕುಮಾರ್ ತೆಲುಗಿನಲ್ಲಿ ರಾಜಶೇಖರ್ ಮೊದಲಾದವರ ಮುಖಕ್ಕೆ ತಮ್ಮ ದನಿ ಕೊಟ್ಟು ಹೆಸರಾದವರು. ಹಾಗೆ ಬೇರೆಯವರಿಗೆ ಗಂಟಲಾಗಿದ್ದ ಮನುಷ್ಯ ಇನ್‌ಸ್ಪೆಕ್ಟರ್ ಅಗ್ನಿಯಾಗಿ ತನ್ನ ಮುಖಕ್ಕೇ ತನ್ನ ದನಿ ಸೇರಿಸಿಕೊಂಡು ನಿಂತಾಗ ಕೇರಿಯ ಹುಡುಗರಿಗೆ ಏನೋ ತಾಗಿತು. ಯಾರ ಮುಂದೆ ತುಟಿ ಬಿಚ್ಚಲಾಗದೋ ಅಂಥವರ ಮುಂದೆ, ಮಂತ್ರಿಯಂಥವನ ಮುಂದೆ, ಬೆರಳೆತ್ತಿ ಉಸಿರು ಬಿಡದೆ ಮಾತಾಡುವುದು! ಎದುರು ಮಾತಾಡಿದರೆ ಕೂಲಿ ತಪ್ಪುತ್ತದೆ ಎಂದು ಬಲ್ಲ ಜನಕ್ಕೆ ಅದು ಬರೀ ಮನರಂಜನೆಯಾಗಿರಲಿಲ್ಲ.

ಆ ಸಿನಿಮಾದ ಅತಿ ಹೆಸರಾದ ಮಾತು ರಾಷ್ಟ್ರಲಾಂಛನದ ಸಿಂಹಗಳದ್ದು. ಎದುರಿಗೆ ಕಾಣುವುದು ಮೂರು, ಕಾಣದ ನಾಲ್ಕನೆಯದು ಪೊಲೀಸು ಎಂಬ ಧಾಟಿ ಅದರದು. ಇಲ್ಲಿ ಕೊಂಚ ನಿಲ್ಲಬೇಕು. ಆ ಸಿಂಹಗಳು ಸಾರನಾಥದ ಅಶೋಕನ ಕಂಬದ ಬೋದಿಗೆಯವು. ಬುದ್ಧ ಮೊದಲ ಉಪದೇಶ ಕೊಟ್ಟ ಜಾಗ ಅದು. ಬೌದ್ಧರು ಬುದ್ಧನ ಮಾತನ್ನೇ ಸಿಂಹನಾದ ಅಂತ ಕರೆದರು. 1950ರ ಜನವರಿ 26ರಂದು ಅದು ಗಣರಾಜ್ಯದ ಲಾಂಛನವಾಯಿತು. ಆರು ವರ್ಷದ ಮೇಲೆ, 1956ರ ಅಕ್ಟೋಬರ್ 14ರಂದು, ಬಾಬಾಸಾಹೇಬರು ನಾಗಪುರದಲ್ಲಿ ಆ ಬುದ್ಧನ ಹಾದಿ ಹಿಡಿದರು. ಹೀಗೆ ನಮಗೆ ಹತ್ತಿರದ ಸಿಂಹವನ್ನು ಸಿನಿಮಾ ಲಾಠಿ ಹಿಡಿದವನ ಟೋಪಿಗೆ ಸಿಕ್ಕಿಸಿತು. ನಾವೂ ಶಿಳ್ಳೆ ಹೊಡೆದೆವು.

ಕನ್ನಡದ ಪೊಲೀಸ್ ಚಿತ್ರಗಳಿಗೆ ಈ ಅಭ್ಯಾಸ ಹಳೆಯದು. 1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶನದಲ್ಲಿ ಶಂಕರ್‌ನಾಗ್ ಆಡಿದ ‘ಸಾಂಗ್ಲಿಯಾನ’ಕ್ಕೆ ಹೆಸರು ಕೊಟ್ಟ ಅಧಿಕಾರಿ ದೂರದ ಮಿಜೋರಾಮಿನ ಬುಡಕಟ್ಟಿನವರು. ಸಿನಿಮಾ ಹೆಸರನ್ನು ಇಟ್ಟುಕೊಂಡಿತು, ಬುಡಕಟ್ಟನ್ನು ಬಿಟ್ಟಿತು. ಪರದೆಯ ಪೊಲೀಸನಿಗೆ ಜಾತಿ ಇರಬಾರದು. ಠಾಣೆಗೆ ಹೋದವನಿಗೆ ಮಾತ್ರ ಮೊದಲ ಪ್ರಶ್ನೆಯೇ ಅದು: ‘ಯಾವ ಜನ?’

ಹನ್ನೊಂದು ವರ್ಷ ಬಿಟ್ಟು 2007ರಲ್ಲಿ ಎರಡನೇ ಭಾಗ ಬಂತು. ಅದೇ ಮಂಜು, ಅದೇ ಸಾಯಿಕುಮಾರ್, ಅದೇ ಅಗ್ನಿ, ಅದೇ ಏರುದನಿ. ಇದು ಯಾಕೆ ನೀರಸ ಎಂದು ಕೇಳಿದರೆ ಫೈಟು ಸರಿಯಿಲ್ಲ, ಕತೆ ಸವಕಲು ಅಂತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಫೈಟು ಬೇಕಾದಷ್ಟಿವೆ. ಮೊದಲ ಭಾಗದಲ್ಲಿ ಕೂಗಿನ ಹಿಂದೆ ಒಂದು ಅವಮಾನವಿತ್ತು. ನ್ಯಾಯವಾಗಿ ಮಾತಾಡಿದ್ದಕ್ಕೆ ಬಾಯಿ ಮುಚ್ಚಿಸಿಕೊಂಡವನ ರೋಷವಿತ್ತು. ಎರಡನೆಯದರಲ್ಲಿ ಅಗ್ನಿ ಬರುವಾಗಲೇ ಕೂಗಿಕೊಂಡು ಬರುತ್ತಾನೆ. ಸಿಟ್ಟು ಅನುಭವದಿಂದ ಕಳಚಿಕೊಂಡು ಬರೀ ಶೈಲಿಯಾಗಿದೆ. ನಮ್ಮ ಬಂಡಾಯ ಕಾವ್ಯದ ಕಡೆಕಡೆಯ ದಿನಗಳಲ್ಲೂ ಹೀಗೇ ಆಗಿತ್ತಲ್ಲ, ಆ ಮಾತು ಬೇರೆ.

ಆ ಹನ್ನೊಂದು ವರ್ಷದಲ್ಲಿ ಏನೂ ನಡೆಯಲಿಲ್ಲವೇ? ಮೊದಲ ಭಾಗ ಬಂದ ವರ್ಷವೇ, 1996ರ ಡಿಸೆಂಬರ್ 18ರಂದು, ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ ಪೊಲೀಸರಿಗೆ ಕಟ್ಟುಪಾಡು ಹಾಕಿತು. ಬಂಧಿಸಿದರೆ ಚೀಟಿ ಬರೆದು ಸಾಕ್ಷಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು, ನಲವತ್ತೆಂಟು ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. ಲಾಕಪ್ಪಿನಲ್ಲಿ ಸಾಯುವವರು ಎಂಥವರು ಎಂದು ಬಲ್ಲವರಿಗೆ ಈ ಒಣ ಸಾಲುಗಳ ಬೆಲೆ ಗೊತ್ತು. ಪೊಲೀಸ್ ಸಿನಿಮಾಕ್ಕೆ ಇಂಥದ್ದೆಲ್ಲ ಕಾಲಿಗೆ ತೊಡರುವ ಬಳ್ಳಿ. ಕೋರ್ಟು, ವಕೀಲ, ಜಾಮೀನು ಎಲ್ಲವೂ ನಾಯಕನ ಕೈ ಕಟ್ಟುವ ವಸ್ತುಗಳು. ಕೇರಿಗಾದರೋ ಕೈಯಲ್ಲಿರುವುದು ಅದೊಂದೇ.

ಬೆಂಕಿಯ ಮಾತೂ ಆಡಬೇಕು. ಅಗ್ನಿ ಎಂಬ ಹೆಸರಲ್ಲಿ ಯಜ್ಞದ ಪಾವಿತ್ರ್ಯ ಇದೆ, ಸುಟ್ಟು ಶುದ್ಧ ಮಾಡುವ ಭರವಸೆ ಇದೆ. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಕೆಳ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಮರುವರ್ಷ ಅಗ್ನಿ ಎರಡನೇ ಸಲ ಖಾಕಿ ತೊಟ್ಟು ಬಂದ. ಒಂದು ಸಾಕ್ಷಿ ಯಾಕೆ ತಿರುಗಿಬೀಳುತ್ತದೆ, ರಾತ್ರಿ ಅದರ ಮನೆ ಬಾಗಿಲಿಗೆ ಯಾರು ಬಂದು ಹೋಗುತ್ತಾರೆ ಎಂಬುದರಲ್ಲಿ ಒಂದು ದೊಡ್ಡ ಪೊಲೀಸ್ ಸಿನಿಮಾಕ್ಕೆ ಸಾಕಾಗುವಷ್ಟು ಸರಕಿತ್ತು. ಅಗ್ನಿಗೆ ಅತ್ತ ಕಿವಿಯಿಲ್ಲ.

ನಮ್ಮ ಚಿಕ್ಕಪ್ಪ ಮಾರಿಹಬ್ಬದಲ್ಲಿ ಸಾಯಿಕುಮಾರ್ ದನಿ ಕಟ್ಟಿ ಆಡಿದರೆ ಇಡೀ ಕೇರಿ ಸೇರುತ್ತಿತ್ತು. ಹೋಟೆಲೊಂದರಲ್ಲಿ ಬೇರೆ ಲೋಟ ಕೊಟ್ಟದ್ದನ್ನು ಕೇಳಿ ಏಟು ತಿಂದಾಗ ಅದೇ ಚಿಕ್ಕಪ್ಪ ಠಾಣೆಯಲ್ಲಿ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದ. ದನಿ ಹೊರಡಲಿಲ್ಲ. ‘ಒಂದೇ ಊರಲ್ಲಿ ಬಾಳಾಟ ಮಾಡೋರು, ರಾಜಿ ಮಾಡ್ಕಂಡು ಹೋಗ್ರಪ್ಪ’ ಅಂದರು. ಜತೆಗೆ ಬಂದಿದ್ದ ಅವನ ಮಗಳು, ಪಿಯುಸಿ ಹುಡುಗಿ, ತಲೆ ತಗ್ಗಿಸಿಕೊಂಡೇ ಅಂದಳು: ‘ಸಾರ್, ಎಫ್ಐಆರ್ ಮಾಡಿ. ತನಿಖೆಗೆ ಡಿವೈಎಸ್ಪಿ ಬರ್ಬೇಕು ಅಂತ ರೂಲ್ಸಲ್ಲೇ ಐತೆ.’ 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ಮಾಡಿದ ನಿಯಮಗಳಲ್ಲಿ ಅದು ಇದೆ. ಹಾಸ್ಟೆಲಿನಲ್ಲಿ ಕಲಿತಿದ್ದಳಂತೆ. ಮಾತು ಮೆಲ್ಲಗಿತ್ತು, ಎರಡು ಸಲ ಹೇಳಬೇಕಾಯಿತು. ಅರ್ಜಿ ತೆಗೆದುಕೊಂಡರು.

ಎರಡನೇ ಭಾಗ ಟೀವಿಯಲ್ಲಿ ಬಂದಾಗ ಅವಳೇ ನನಗೆ ಅಂದದ್ದು: ‘ಇಷ್ಟೊಂದು ಕೂಗ್ತಾನಲ್ಲಣ್ಣ, ಕಂಪ್ಲೇಂಟು ಕೊಟ್ಟೋರು ಯಾರು?’ ನಾನು ಎಂ.ಎ.ಯಲ್ಲಿ ಓದಿದ ಯಾವ ಸಿದ್ಧಾಂತವೂ ಈ ಸರಣಿಯ ದೋಷವನ್ನು ಇಷ್ಟು ನೇರವಾಗಿ ಹಿಡಿದಿರಲಿಲ್ಲ. ಕಥನದಲ್ಲಿ ದೂರುದಾರನಿಲ್ಲ. ನೊಂದವರು ಬಂದರೂ ಸಾಯುವುದಕ್ಕೆ, ಇಲ್ಲವೇ ಕೈ ಮುಗಿಯುವುದಕ್ಕೆ. ಅವರ ಮಾತನ್ನೂ ಅಗ್ನಿಯೇ ಆಡಿಬಿಡುತ್ತಾನೆ. ಹಿಂದೆ ಬೇರೆಯವರಿಗೆ ದನಿ ಕೊಡುತ್ತಿದ್ದ ನಟ ಈಗ ಬೇರೆಯವರ ದನಿಯನ್ನೆಲ್ಲ ತಾನೇ ನುಂಗಿಕೊಂಡಂತೆ.

2011ರಲ್ಲಿ ಮೂರನೆಯದೂ ಬಂತು. ಅದರಲ್ಲಿ ಬರೆಯುವಂಥದ್ದು ಹೆಚ್ಚಿಲ್ಲ. ಎರಡನೆಯದಕ್ಕೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳಬೇಕಾಗುತ್ತದೆ.