ಸ್ಟೈನ್‌ಬೆಕ್ ಕಾಣದ ಒಕ್ಲಹೋಮ

ಒಕ್ಲಹೋಮ ಎಂದರೆ ಹೊರಗಿನ ಓದುಗರಿಗೆ ಮೊದಲು ನೆನಪಾಗುವುದು ಧೂಳು, ಆಮೇಲೆ ತಟ್ಟುಮುಟ್ಟು ಹೇರಿಕೊಂಡು ಪಶ್ಚಿಮಕ್ಕೆ ಹೊರಟ ಒಂದು ಹಳೆಯ ಲಾರಿ. ಎರಡನ್ನೂ ನಮ್ಮ ತಲೆಯಲ್ಲಿ ಕೂರಿಸಿದ್ದು ಜಾನ್ ಸ್ಟೈನ್‌ಬೆಕ್ ಅವರ ‘ದಿ ಗ್ರೇಪ್ಸ್ ಆಫ್ ರಾತ್’. ಕಾದಂಬರಿ 1939ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪಡೆಯಿತು, ಅದೇ ವರ್ಷ ಜಾನ್ ಫೋರ್ಡ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ಒಂದು ರಾಜ್ಯವನ್ನು ಲೋಕವೆಲ್ಲ ಒಂದೇ ಪುಸ್ತಕದ ಮೂಲಕ ತಿಳಿದುಕೊಂಡಿದೆ ಎಂದಮೇಲೆ, ಆ ಪುಸ್ತಕವನ್ನು ರಾಜ್ಯದ ನಕ್ಷೆಯ ಪಕ್ಕದಲ್ಲಿಟ್ಟು ಓದುವುದು ಅನ್ಯಾಯವೇನಲ್ಲ. ಹಾಗೆ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅಲ್ಲಿನ ನೆಲವನ್ನೂ ಜನರನ್ನೂ ಸರಿಯಾಗಿ ಕಾಣದ ಲೇಖಕರು, ಆ ನೆಲದ ಮೇಲೆ ದುಡ್ಡು ಹೇಗೆ ಓಡಾಡಿತು ಎಂಬುದನ್ನು ಮಾತ್ರ ಅಸಾಧಾರಣ ಸ್ಪಷ್ಟತೆಯಿಂದ ಕಂಡಿದ್ದಾರೆ.

ಮೊದಲು ನೆಲ. ಕಾದಂಬರಿಯ ಕೇಂದ್ರದಲ್ಲಿರುವ ಜೋಡ್ ಕುಟುಂಬದ ಊರು ಸ್ಯಾಲಿಸಾ. ಅದು ಒಕ್ಲಹೋಮದ ಪೂರ್ವದ ಅಂಚಿನಲ್ಲಿ, ಆರ್ಕನ್ಸಾ ರಾಜ್ಯದ ಗಡಿಯ ಹತ್ತಿರ, ಕಾಡು-ಗುಡ್ಡಗಳ ಮಗ್ಗುಲಲ್ಲಿದೆ; ವರ್ಷಕ್ಕೆ 40 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವ ಸೀಮೆ. 1930ರ ದಶಕದ ಆ ಕುಖ್ಯಾತ ಧೂಳು ಎದ್ದದ್ದು ರಾಜ್ಯದ ಇನ್ನೊಂದು ತುದಿಯಲ್ಲಿ. ನಕ್ಷೆಯಲ್ಲಿ ಒಕ್ಲಹೋಮಕ್ಕೆ ಬಾಣಲೆಯ ಹಿಡಿಯಂತೆ ಪಶ್ಚಿಮಕ್ಕೆ ಚಾಚಿಕೊಂಡಿರುವ ಪಟ್ಟಿಯೊಂದುಂಟು. ಅಲ್ಲಿನ ಸಿಮರಾನ್ ಕೌಂಟಿ, ಬಾಯ್ಸಿ ಸಿಟಿಗಳ ಕಡೆ ಮಳೆ 20 ಅಂಗುಲವನ್ನೂ ಮುಟ್ಟುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬೆಲೆ ಬಂದಾಗ ಅಲ್ಲಿನ ಹುಲ್ಲುಗಾವಲನ್ನು ಉತ್ತು ಬಗೆದರು. 1931ರಿಂದ ಬರ ಹಿಡಿದಾಗ ಬೇರಿಲ್ಲದ ಮಣ್ಣು ಗಾಳಿಗೆ ಎದ್ದುಹೋಯಿತು. 1935ರ ಏಪ್ರಿಲ್ 14ರ ‘ಕಪ್ಪು ಭಾನುವಾರ’ದ ಭಾರಿ ಧೂಳುಗಾಳಿ ಬೀಸಿದ್ದು ಅಲ್ಲಿ. ಅಲ್ಲಿಂದ ಸ್ಯಾಲಿಸಾಗೆ ರಸ್ತೆಯಲ್ಲಿ 700 ಕಿಲೋಮೀಟರಿಗೂ ಹೆಚ್ಚು. ಸ್ಟೈನ್‌ಬೆಕ್ ಪಶ್ಚಿಮದ ಆಕಾಶವನ್ನು ತಂದು ಪೂರ್ವದ ಹತ್ತಿಹೊಲದ ಮೇಲೆ ಕವುಚಿದ್ದಾರೆ. ಮೊದಲ ಅಧ್ಯಾಯದ ಧೂಳಿನ ವರ್ಣನೆ ಗದ್ಯವಾಗಿ ಬಹಳ ಚೆಲುವಾದದ್ದು, ಆದರೆ ಅದು ಇರಬೇಕಾದ ಜಾಗದಲ್ಲಿಲ್ಲ.

ಕಾದಂಬರಿಗೆ ಭೂಗೋಳದ ಪರೀಕ್ಷೆ ಯಾಕೆ ಎಂದು ಕೇಳಬಹುದು. ಈ ತಪ್ಪಿನಿಂದ ಹುಟ್ಟಿದ ತಿಳಿವಳಿಕೆ ಸಣ್ಣದಲ್ಲ, ಅದಕ್ಕೆ. ಆ ದಶಕದಲ್ಲಿ ಒಕ್ಲಹೋಮ, ಟೆಕ್ಸಾಸ್, ಆರ್ಕನ್ಸಾ, ಮಿಸೌರಿಗಳಿಂದ 3 ಲಕ್ಷಕ್ಕೂ ಹೆಚ್ಚು ಜನ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅವರಲ್ಲಿ ನಿಜವಾದ ಧೂಳುಸೀಮೆಯವರು ತೀರ ಕಡಿಮೆ ಎಂಬುದನ್ನು ಇತಿಹಾಸಕಾರ ಜೇಮ್ಸ್ ಗ್ರೆಗರಿ 1989ರ ‘ಅಮೆರಿಕನ್ ಎಕ್ಸೋಡಸ್’ ಪುಸ್ತಕದಲ್ಲಿ ತೋರಿಸಿದ್ದಾರೆ. ಧೂಳುಸೀಮೆಯ ಬಹಳಷ್ಟು ರೈತರು ಅಲ್ಲೇ ಕಚ್ಚಿಕೊಂಡು ಉಳಿದರು. ಊರು ಬಿಟ್ಟವರನ್ನು ಓಡಿಸಿದ್ದು ಹೆಚ್ಚಾಗಿ ಹತ್ತಿಯ ಬೆಲೆ, ಗೇಣಿ, ಸಾಲ. ಧೂಳನ್ನು ದೂರಿದರೆ ಯಾರನ್ನೂ ದೂರಬೇಕಾಗಿಲ್ಲ, ಅದು ದೈವದ ಕೆಲಸ. ಗೇಣಿಯನ್ನು ದೂರಿದರೆ ಒಡೆಯನ ಹೆಸರು ಹೇಳಬೇಕಾಗುತ್ತದೆ.

ಸ್ಟೈನ್‌ಬೆಕ್ ಇದನ್ನು ಬಲ್ಲವರು. ಧೂಳಿನ ಅಧ್ಯಾಯ ಮುಗಿಯುತ್ತಲೇ ಕಾದಂಬರಿ ಬೇರೆ ದಾರಿ ಹಿಡಿಯುತ್ತದೆ. ಅಜ್ಜನ ಕಾಲದಲ್ಲಿ ಸ್ವಂತದ್ದಾಗಿದ್ದ ಹೊಲ ಸಾಲಕ್ಕೆ ಹೋಗಿ, ಮೊಮ್ಮಕ್ಕಳು ಅದೇ ಹೊಲದ ಗೇಣಿದಾರರಾಗಿದ್ದಾರೆ. ಆ ಕಾಲದ ಒಕ್ಲಹೋಮದಲ್ಲಿ ಬೇಸಾಯಗಾರರಲ್ಲಿ ಸುಮಾರು 60% ಜನ ಹೀಗೆ ಇನ್ನೊಬ್ಬರ ನೆಲ ಉಳುತ್ತಿದ್ದವರು. ಐದನೆಯ ಅಧ್ಯಾಯದಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಓಡಿಸುವವನು ಪರಿಚಯದ ಮನೆಯ ಹುಡುಗ, ದಿನಕ್ಕೆ ಮೂರು ಡಾಲರ್ ಕೂಲಿ. ಮನೆ ಕೆಡವಿದರೆ ನಿನ್ನನ್ನು ಗುಂಡಿಟ್ಟು ಕೊಲ್ಲುತ್ತೇನೆ ಎಂದು ಒಕ್ಕಲಿನವನು ಗದರಿದರೆ, ಹುಡುಗ ತಣ್ಣಗೆ ಲೆಕ್ಕ ಒಪ್ಪಿಸುತ್ತಾನೆ: ನಾನು ಹೋದರೆ ಇನ್ನೊಬ್ಬ ಬರುತ್ತಾನೆ, ನನಗೆ ಅಪ್ಪಣೆ ಬಂದದ್ದು ಬ್ಯಾಂಕಿನಿಂದ, ಬ್ಯಾಂಕಿಗೆ ಪೂರ್ವದ ದೊಡ್ಡ ಊರಿನಿಂದ. ಕೋವಿ ಹಿಡಿದವನಿಗೆ ಗುರಿಯೇ ಸಿಗುವುದಿಲ್ಲ. ಬಂಡವಾಳಕ್ಕೆ ಮುಖವಿಲ್ಲ ಎಂಬುದನ್ನು ಎಷ್ಟೋ ಅರ್ಥಶಾಸ್ತ್ರಜ್ಞರು ಬರೆದಿದ್ದಾರೆ. ಅದನ್ನು ಹೊಲದಲ್ಲಿ ನಿಂತು ಮಾತಾಡುವ ಇಬ್ಬರ ನಡುವೆ ಇಷ್ಟು ಸರಳವಾಗಿ ನಡೆಸಿ ತೋರಿಸಿದ ಬರಹ ನನಗೆ ಬೇರೆ ಗೊತ್ತಿಲ್ಲ. ಗುಜರಿ ಕಾರು ಮಾರುವವರ ಏಳನೆಯ ಅಧ್ಯಾಯವೂ ಹೀಗೆಯೇ. ಊರು ಬಿಡುವವನ ಅವಸರವೇ ಅಲ್ಲಿ ಮಾರುವವನ ಲಾಭ.

ಆದರೆ ಲೆಕ್ಕದಲ್ಲಿ ಒಂದು ಖಾತೆ ಕಾಣೆಯಾಗಿದೆ, ಸರ್ಕಾರದ್ದು. 1933ರ ಕೃಷಿ ಹೊಂದಾಣಿಕೆ ಕಾಯಿದೆಯಡಿ ರೂಸ್‌ವೆಲ್ಟ್ ಸರ್ಕಾರ ಹತ್ತಿ ಬೆಳೆ ಕಡಿಮೆ ಮಾಡಿದವರಿಗೆ ಹಣ ಕೊಟ್ಟಿತು. ಹಣ ಹೋದದ್ದು ಬಹುಪಾಲು ನೆಲದ ಒಡೆಯರಿಗೆ. ಬಿತ್ತುವ ಎಕರೆ ಕಡಿಮೆಯಾದ ಮೇಲೆ ಗೇಣಿದಾರನೇಕೆ? ಎಷ್ಟೋ ಕಡೆ ಅದೇ ಹಣದಲ್ಲಿ ಟ್ರ್ಯಾಕ್ಟರ್ ಬಂತು, ಒಕ್ಕಲು ಎದ್ದಿತು. ಕಾದಂಬರಿಯಲ್ಲಿ ಇದರ ಸುಳಿವು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕೇಂದ್ರ ಸರ್ಕಾರ ಎಂದರೆ ಕ್ಯಾಲಿಫೋರ್ನಿಯಾದ ವೀಡ್‌ಪ್ಯಾಚ್ ಶಿಬಿರ: ಬಿಸಿನೀರು, ಶುಚಿಯಾದ ಕಕ್ಕಸು, ಮರ್ಯಾದೆಯಿಂದ ಮಾತಾಡುವ ಮೇಲ್ವಿಚಾರಕ. ಒಂದು ಕೈ ಹೊರಗೆ ದಬ್ಬಿದ್ದನ್ನು ಬಿಟ್ಟು ಇನ್ನೊಂದು ಕೈ ನೀರು ಕೊಟ್ಟದ್ದನ್ನಷ್ಟೇ ಸ್ಟೈನ್‌ಬೆಕ್ ಬರೆದರು. ಆ ಶಿಬಿರದ ನಿಜವಾದ ಮೇಲ್ವಿಚಾರಕ ಟಾಮ್ ಕಾಲಿನ್ಸ್ ಸ್ಟೈನ್‌ಬೆಕ್ ಅವರ ಗೆಳೆಯರು, ಕಾದಂಬರಿಯ ಅರ್ಪಣೆಯಲ್ಲಿ ಕಾಲಿನ್ಸ್ ಹೆಸರಿದೆ. ಗೆಳೆತನ ಕಣ್ಣು ಕಟ್ಟಿರಬಹುದು.

ಜನರ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ಗಟ್ಟಿ. ಸ್ಯಾಲಿಸಾ ಇರುವುದು ಸೆಕ್ವೊಯಾ ಕೌಂಟಿಯಲ್ಲಿ. ಬರಹವೇ ಇಲ್ಲದ ಚೆರೊಕೀ ಭಾಷೆಗೆ 1821ರ ಹೊತ್ತಿಗೆ ಒಬ್ಬನೇ ಕೂತು ಲಿಪಿ ಕಟ್ಟಿದ ಸೆಕ್ವೊಯಾನ ಹೆಸರು ಅದು. ಅವನು ಕಟ್ಟಿದ ಮರದ ಮನೆ ಆ ಊರಿನ ಹತ್ತಿರವೇ ಈಗಲೂ ನಿಂತಿದೆ. 1838-39ರಲ್ಲಿ ಚೆರೊಕೀಗಳನ್ನು ತಾಯ್ನೆಲದಿಂದ ನಡೆಸಿಕೊಂಡು ಬಂದು ಬಿಟ್ಟದ್ದು ಈ ಸೀಮೆಗೆ. ಹೀಗಿದ್ದೂ ಕಾದಂಬರಿಯ ಒಕ್ಕಲುಗಳು ತಮ್ಮ ಅಜ್ಜ ಇಂಡಿಯನ್ನರನ್ನು ಕೊಂದು ಓಡಿಸಿ ಈ ನೆಲ ಗಳಿಸಿದ ಎಂದು ಹಕ್ಕು ಸಾಧಿಸುತ್ತಾರೆ. ಅದು ಬೇರೆಲ್ಲಿಯದೋ ಕತೆ. ಇಲ್ಲಿ ನೆಲ ಕೈ ಬದಲಾಯಿಸಿದ್ದು ಕಾಗದದ ಮೇಲೆ. 1907ರಲ್ಲಿ ಒಕ್ಲಹೋಮ ರಾಜ್ಯವಾಗುವ ಹೊತ್ತಿಗೆ ಚೆರೊಕೀ, ಕ್ರೀಕ್ ಮೊದಲಾದ ಐದು ಬುಡಕಟ್ಟುಗಳ ಸಮುದಾಯದ ನೆಲವನ್ನು ತುಂಡು ಮಾಡಿ ತಲೆಗಿಷ್ಟು ಎಂದು ಹಂಚಿದ್ದರು, ಒಟ್ಟು ಸುಮಾರು 2 ಕೋಟಿ ಎಕರೆ. ಆಮೇಲೆ ವಕೀಲರು, ದಲ್ಲಾಳಿಗಳು, ಕೋರ್ಟು ನೇಮಿಸಿದ ಪಾಲಕರು ಸೇರಿ ಆ ತುಂಡುಗಳನ್ನು ನುಂಗಿದರು. ಒಕ್ಲಹೋಮದವರೇ ಆದ ಏಂಜಿ ಡೆಬೊ ಇದನ್ನು ದಾಖಲೆ ಸಮೇತ ಬರೆದರೆ, ಬದುಕಿದ್ದ ದೊಡ್ಡ ಮನುಷ್ಯರ ಹೆಸರುಗಳಿವೆ ಎಂದು ಅಲ್ಲಿನ ವಿಶ್ವವಿದ್ಯಾಲಯದ ಪ್ರಕಾಶನ ಹಿಂದೆ ಸರಿಯಿತು. ಕಡೆಗೆ 1940ರಲ್ಲಿ ಪ್ರಿನ್ಸ್‌ಟನ್ ಅದನ್ನು ಹೊರತಂದಿತು.

ಜೋಡ್ ಕುಟುಂಬದ ಲಾರಿ ಒಕ್ಲಹೋಮ ಸಿಟಿಯ ಕಡೆ ಹೋಗುವಾಗ ಕ್ಯಾಸಲ್, ಪೇಡನ್ ಎಂಬ ಊರುಗಳನ್ನು ದಾಟುತ್ತದೆ. ಆ ಎರಡರ ನಡುವೆ ಬೋಲಿ ಇದೆ, ಕರಿಯ ಜನರೇ ಕಟ್ಟಿಕೊಂಡು ಕರಿಯ ಜನರೇ ಆಳಿಕೊಂಡ ಪಟ್ಟಣ. ಕಾದಂಬರಿಯಲ್ಲಿ ಲಾರಿ ಆ ಊರನ್ನು ಹೆಸರಿಸದೆ ಮುಂದೆ ಹೋಗುತ್ತದೆ. ಮೂಲನಿವಾಸಿಗಳ ಪಾಲಿಗೂ ಹೀಗೆಯೇ, ಶಿಬಿರದಲ್ಲಿ ಅರ್ಧ ಚೆರೊಕೀ ಎನ್ನಿಸಿಕೊಂಡ ಯುವಕನೊಬ್ಬ ಬಂದುಹೋಗುತ್ತಾನೆ, ಅಷ್ಟೆ. ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ‘ವಲಸೆ ತಾಯಿ’ಯ ಚಿತ್ರವನ್ನು ಈ ಕಾದಂಬರಿಯ ಮುಖಚಿತ್ರವೋ ಎಂಬಂತೆ ಎಲ್ಲರೂ ಬಳಸುತ್ತಾರೆ. ಆ ಚಿತ್ರದ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಒಕ್ಲಹೋಮದಲ್ಲಿ ಹುಟ್ಟಿದ ಚೆರೊಕೀ ಹೆಂಗಸು. ಧೂಳೇಳುವ ಮೊದಲೇ, 1920ರ ದಶಕದಲ್ಲೇ, ಕ್ಯಾಲಿಫೋರ್ನಿಯಾ ಸೇರಿದ್ದವರು.

1940ರಲ್ಲಿ ಒಕ್ಲಹೋಮದ ಸಂಸದ ಲೈಲ್ ಬೋರೆನ್ ಕಾದಂಬರಿಯನ್ನು ಅಮೆರಿಕದ ಸಂಸತ್ತಿನಲ್ಲೇ ಜರೆದರು. ತಮ್ಮ ಜನರನ್ನು ಕೀಳಾಗಿ, ಹೊಲಸು ಬಾಯಿಯವರಾಗಿ ತೋರಿಸಿದ್ದಾರೆ ಎಂಬುದು ಅವರ ಸಿಟ್ಟು. ನೋಡಬೇಕಾದ ತಪ್ಪನ್ನು ಅವರು ನೋಡಲಿಲ್ಲ.

ಧೂಳನ್ನು ನಿಜವಾಗಿ ಉಂಡವರ ಕಾದಂಬರಿ ಬೇರೆ ಇದೆ. ಸನೋರಾ ಬ್ಯಾಬ್ ಹುಟ್ಟಿದ್ದು ಒಕ್ಲಹೋಮದಲ್ಲಿ, ಬೆಳೆದದ್ದು ಅದೇ ಪಶ್ಚಿಮದ ಒಣಸೀಮೆಯಲ್ಲಿ. 1938ರಲ್ಲಿ ಕ್ಯಾಲಿಫೋರ್ನಿಯಾದ ಶಿಬಿರಗಳಲ್ಲಿ ಕಾಲಿನ್ಸ್ ಜೊತೆ ದುಡಿದು ಟಿಪ್ಪಣಿ ಮಾಡಿಕೊಂಡರು; ಅವನ್ನು ಕಾಲಿನ್ಸ್ ಸ್ಟೈನ್‌ಬೆಕ್‌ಗೂ ಕೊಟ್ಟರೆಂದು ಆಮೇಲೆ ಹೇಳಿಕೊಂಡಿದ್ದಾರೆ. ಅವರ ‘ಹೂಸ್ ನೇಮ್ಸ್ ಆರ್ ಅನ್‌ನೋನ್’ ಹಸ್ತಪ್ರತಿಯನ್ನು ರ‍್ಯಾಂಡಮ್ ಹೌಸ್ ಮೆಚ್ಚಿಕೊಂಡಿತ್ತು. ಅಷ್ಟರಲ್ಲಿ ಸ್ಟೈನ್‌ಬೆಕ್ ಪುಸ್ತಕ ಬಂದು ಪೇಟೆಯೆಲ್ಲ ಆವರಿಸಿತು, ಅದೇ ವಿಷಯಕ್ಕೆ ಎರಡನೆಯ ಪುಸ್ತಕ ಓಡುವುದಿಲ್ಲ ಎಂದು ಇದನ್ನು ಪಕ್ಕಕ್ಕಿಟ್ಟರು. ಅಚ್ಚಾದದ್ದು 2004ರಲ್ಲಿ. ಬ್ಯಾಬ್ ಬರಹದಲ್ಲಿ ಸ್ಟೈನ್‌ಬೆಕ್‌ನ ಗುಡುಗಿಲ್ಲ. ಕ್ಯಾಲಿಫೋರ್ನಿಯಾದ ಅರ್ಧ ಸ್ವಲ್ಪ ಸಪ್ಪೆಯೇ. ಆದರೆ ಧೂಳಿನ ದಿನಗಳ ಅಧ್ಯಾಯದಲ್ಲಿ ಅಡುಗೆಮನೆಯ ಹೆಂಗಸೊಬ್ಬಳು ದಿನದಿನದ ಗಾಳಿಯನ್ನು ಬರೆದಿಡುವ ಬಗೆಯಿದೆಯಲ್ಲ, ಅದರ ಮುಂದೆ ಸ್ಟೈನ್‌ಬೆಕ್‌ನ ಮೊದಲ ಅಧ್ಯಾಯ ದೂರದಿಂದ ಬರೆದದ್ದೆಂದು ಗೊತ್ತಾಗಿಬಿಡುತ್ತದೆ.

ಕಾಗದದ ಮೇಲೆ ಕೈ ಬದಲಾಯಿಸಿದ ಆ ನೆಲದ ಕತೆ ಇನ್ನೂ ಮುಗಿದಿಲ್ಲ. 2020ರ ಮೆಕ್‌ಗರ್ಟ್ ತೀರ್ಪಿನಲ್ಲಿ ಕ್ರೀಕ್ ಜನರ ಮೀಸಲು ನೆಲ ಕಾನೂನಿನ ಕಣ್ಣಿಗೆ ಎಂದೂ ರದ್ದಾಗಿರಲಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಅದೇ ಮಾತು ಚೆರೊಕೀಗಳಿಗೂ ಅನ್ವಯವಾಯಿತು. ಅಂದರೆ ಜೋಡ್‌ಗಳ ಊರು ಇವತ್ತಿಗೂ ಚೆರೊಕೀ ಮೀಸಲು ಪ್ರದೇಶದ ಒಳಗಿದೆ. ಒಕ್ಲಹೋಮ ತಿಳಿಯಬೇಕೆಂದು ‘ದಿ ಗ್ರೇಪ್ಸ್ ಆಫ್ ರಾತ್’ ಕೈಗೆತ್ತಿಕೊಳ್ಳುವವರು ಮೊದಲು ಡೆಬೊ ಓದಲಿ, ಆಮೇಲೆ ಬ್ಯಾಬ್. ಸ್ಟೈನ್‌ಬೆಕ್ ಮೂರನೆಯವರಾಗಿ ಬರಲಿ. ಬ್ಯಾಂಕು ಮತ್ತು ಟ್ರ್ಯಾಕ್ಟರಿನ ಆ ಐದನೆಯ ಅಧ್ಯಾಯವನ್ನು ಎರಡು ಸಲ ಓದಿ.