ಕ್ರೈಸ್ತ ಮತದಲ್ಲಿ ಕೃಪಾತತ್ತ್ವ: ಒಂದು ವಿಮರ್ಶೆ

ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಮಿಷನರಿಗಳ ಸ್ಥಾಪನೆಯೇ. ಇಷ್ಟು ಕಾಲ ನೆರೆಹೊರೆಯಾಗಿ ಬಾಳಿದರೂ, ಸಾಲಗಾಮೆ, ಚನ್ನರಾಯಪಟ್ಟಣಗಳ ಕಡೆಯ ಶ್ರಾವಕರಲ್ಲಿ ಕ್ರೈಸ್ತರ ಮುಕ್ತಿವಿಚಾರದ ಬಗೆಗೆ ಕೇಳಿಬರುವುದು ಒಂದೇ ಮಾತು: ‘ಪಾಪ ಮಾಡುವುದು, ಪಾದ್ರಿಯ ಮುಂದೆ ಹೇಳಿಬಿಡುವುದು, ಲೆಕ್ಕ ಚುಕ್ತಾ.’ ಒಂದು ದರ್ಶನವನ್ನು ಖಂಡಿಸುವವನು ಮೊದಲು ಅದರ ಪೂರ್ವಪಕ್ಷವನ್ನು ಅದರ ಅನುಯಾಯಿಯೂ ಒಪ್ಪುವಂತೆ ಮಂಡಿಸಬೇಕು. ಅನೇಕಾಂತವನ್ನು ತನ್ನದೆಂದು ಹೇಳಿಕೊಳ್ಳುವ ಸಮಾಜಕ್ಕಂತೂ ಇದು ಕಡ್ಡಾಯ. ‘ಚುಕ್ತಾ’ ಎಂಬ ಮಾತು ಆ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಮೊದಲು ಶಬ್ದವನ್ನೇ ನೋಡಬಹುದು. ಕನ್ನಡ ಬೈಬಲ್ಲಿನಲ್ಲಿ ಪ್ರಧಾನವಾಗಿ ಬರುವುದು ‘ರಕ್ಷಣೆ’, ‘ಮೋಕ್ಷ’ವಲ್ಲ. ಭಾಷಾಂತರಕಾರರ ಈ ಆಯ್ಕೆ ಯುಕ್ತವಾದದ್ದು. ಕಟ್ಟಿಗೆ ಸಿಕ್ಕವನು ತಾನೇ ಕಟ್ಟು ಬಿಚ್ಚಿಕೊಂಡರೂ ಅದು ಮೋಕ್ಷವೇ; ರಕ್ಷಣೆಗಾದರೋ ರಕ್ಷಿಸುವ ಇನ್ನೊಬ್ಬನು ಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಸಮಸ್ತ ಕರ್ಮಗಳು ಕಳಚಿಹೋಗುವುದನ್ನೇ ಮೋಕ್ಷವೆಂದರು. ಆ ಲಕ್ಷಣದಲ್ಲಿ ಕೊಡುವವನಿಗೆ ಸ್ಥಾನವೇ ಇಲ್ಲ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ವ್ಯಾಪಾರಿಗಳು ಓದಲೇಬೇಕಾದ ಒಂದು ಸಾಮತಿಯಿದೆ. ಒಬ್ಬ ಸೇವಕನು ಅರಸನಿಗೆ 10,000 ತಲಾಂತು ಸಾಲಗಾರ. ತೀರಿಸಲಾರದೆ ಕಾಲಿಗೆ ಬಿದ್ದಾಗ ಅರಸನು ಕನಿಕರಪಟ್ಟು ಪೂರ್ಣ ವಜಾ ಮಾಡುತ್ತಾನೆ. ಹೊರಗೆ ಬಂದ ಅದೇ ಸೇವಕ ತನಗೆ 100 ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸುತ್ತಾನೆ. ತಲಾಂತಿಗೆ 6,000 ದಿನಾರಿ, ದಿನಾರಿಯೆಂದರೆ ಒಂದು ದಿನದ ಕೂಲಿ. ಆರು ಕೋಟಿ ದಿನಗೂಲಿಯ ಸಾಲ ಬಿಡಿಸಿಕೊಂಡವನು ನೂರು ದಿನಗೂಲಿಯನ್ನು ಬಿಡಲಾರದೆ ಹೋದ! ವಿಷಯ ತಿಳಿದ ಅರಸನು ವಜಾ ರದ್ದುಪಡಿಸಿ ಅವನನ್ನು ಶಿಕ್ಷೆಗೆ ಒಪ್ಪಿಸುತ್ತಾನೆ. ಅಂದರೆ, ಕೃಪೆಯನ್ನು ಪಡೆದವನ ಅಂತರಂಗ ಬದಲಾಗದಿದ್ದರೆ ಕೃಪೆಯೂ ಉಳಿಯದು. ‘ಹೇಳಿಬಿಟ್ಟರೆ ಚುಕ್ತಾ’ ಎನ್ನುವವರು ಈ ಕಥೆಯ ಉತ್ತರಾರ್ಧವನ್ನು ಓದಿದಂತಿಲ್ಲ.

ಹಾಗಾದರೆ ಜೈನರ ನಿಜವಾದ ಆಕ್ಷೇಪ ಯಾವುದು? ಪಾಪವನ್ನು ಸಾಲವೆಂದು ಎಣಿಸಿದ್ದು. ಸಾಲವನ್ನು ವಜಾ ಮಾಡಿದರೆ ನಷ್ಟ ಮಾಯವಾಗದು, ಸಾಲ ಕೊಟ್ಟವನ ತಲೆಯ ಮೇಲೆ ಬರುತ್ತದೆ. ಖಾತೆ ಬರೆದ ಯಾರಿಗೂ ಇದು ಗೊತ್ತು. ಕ್ರೈಸ್ತ ಆಚಾರ್ಯರಿಗೂ ಗೊತ್ತಿತ್ತು. 11ನೆಯ ಶತಮಾನದ ಕೊನೆಯಲ್ಲಿ ಆನ್‌ಸೆಲ್ಮ್ ಮನುಷ್ಯನು ತೀರಿಸಲಾರದ ಬಾಕಿಯನ್ನು ದೇವರೇ ಮನುಷ್ಯನಾಗಿ ತೀರಿಸಿದನೆಂದು ತರ್ಕಿಸಿದ. ಶಿಲುಬೆಯೆಂದರೆ ಆ ನಷ್ಟವನ್ನು ಹೊತ್ತ ಗುರುತು. ಪಾಪ ಸಾಲವೇ ಆಗಿದ್ದರೆ ಈ ತರ್ಕದಲ್ಲಿ ದೋಷ ಕಾಣದು. ಆದರೆ ಜೈನಾಗಮದಲ್ಲಿ ಕರ್ಮವು ಯಾರಿಗೋ ಕೊಡಬೇಕಾದ ಬಾಕಿಯಲ್ಲ. ಕಷಾಯದ ಜಿಡ್ಡಿಗೆ ಅಂಟಿದ ಧೂಳು. ಒಬ್ಬನ ಸಾಲವನ್ನು ಮತ್ತೊಬ್ಬ ತೀರಿಸಬಹುದು. ಒಬ್ಬನ ಜ್ವರವನ್ನು ಮತ್ತೊಬ್ಬ ಅನುಭವಿಸಿ ಇಳಿಸಲಾಗದು. ಎರಡು ದರ್ಶನಗಳು ಬೇರೆಯಾಗುವುದು ದಯೆ ಹೆಚ್ಚೋ ಕಡಿಮೆಯೋ ಎಂಬಲ್ಲಲ್ಲ, ಈ ಉಪಮೆಯಲ್ಲಿ.

ಕೃಪೆಗೂ ಪ್ರಯತ್ನಕ್ಕೂ ಇರುವ ಸಂಬಂಧವು ಕ್ರೈಸ್ತರೊಳಗೇ ವಿವಾದಾಸ್ಪದ. ಮನುಷ್ಯಪ್ರಯತ್ನವನ್ನು ಎತ್ತಿಹಿಡಿದ ಪೆಲಾಜಿಯಸ್‌ನ ಮತವನ್ನು 418ರ ಕಾರ್ಥೇಜ್ ಸಭೆ ತಿರಸ್ಕರಿಸಿತು. 1517ರಿಂದ ಲೂಥರನು ಎಬ್ಬಿಸಿದ ಜಗಳದಲ್ಲಿ ಕೆಥೋಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಲು 1999 ಬರಬೇಕಾಯಿತು. ಶ್ರೀವೈಷ್ಣವರ ಮರ್ಕಟನ್ಯಾಯ, ಮಾರ್ಜಾಲನ್ಯಾಯಗಳನ್ನು ಕೇಳಿಬಲ್ಲ ವಾಚಕರಿಗೆ ಈ ಚರ್ಚೆ ಅಪರಿಚಿತವೇನಲ್ಲ. ಕೃಪೆಯನ್ನು ನಂಬಿದವನು ಸತ್ಕಾರ್ಯವನ್ನು ಬಿಡುತ್ತಾನೆಂಬ ದೂರಿಗೆ ರೆಡ್‌ಫರ್ನ್ ಆಸ್ಪತ್ರೆಯಂಥ ಸಂಸ್ಥೆಗಳೇ ಉತ್ತರ. ಅವರಲ್ಲಿ ಸೇವೆಯು ರಕ್ಷಣೆಗೆ ತೆರುವ ಬೆಲೆಯಲ್ಲ, ದೊರೆತ ರಕ್ಷಣೆಗೆ ಸಲ್ಲಿಸುವ ಕೃತಜ್ಞತೆ. ದಾನಿಯ ಹೆಸರನ್ನು ಅಮೃತಶಿಲೆಯ ಮೇಲೆ ಎಷ್ಟು ದೊಡ್ಡದಾಗಿ ಕೊರೆಯಿಸಬೇಕೆಂದು ಚರ್ಚಿಸುವ ಟ್ರಸ್ಟುಗಳು ಇದನ್ನು ಗಮನಿಸಬಹುದು.

ಇನ್ನು ಮನೆಯ ಸಂಗತಿ. ಜಿನನು ವೀತರಾಗ, ಸ್ತುತಿಗೆ ಒಲಿಯುವುದಿಲ್ಲ, ನಿಂದೆಗೆ ಮುನಿಯುವುದಿಲ್ಲ. ವಂದನೆ ಅವನ ಗುಣಗಳ ಪ್ರಾಪ್ತಿಗಾಗಿ. ಇದನ್ನು ಬಾಲಬೋಧೆಯಲ್ಲೇ ಕಲಿತವರು ಪದ್ಮಾವತಿ, ಜ್ವಾಲಾಮಾಲಿನಿಯರ ಮುಂದೆ ಅಂಗಡಿಯ ಲಾಭಕ್ಕೆ, ಕೋರ್ಟಿನ ವ್ಯಾಜ್ಯಕ್ಕೆ ಹರಕೆ ಹೊರುತ್ತಾರೆ. ಕ್ರೈಸ್ತನು ಬೇಡುವುದು ಪಾಪದಿಂದ ಬಿಡುಗಡೆಯನ್ನು. ಎರಡರಲ್ಲಿ ಯಾವ ಬೇಡಿಕೆ ಹಗುರವಾದದ್ದು?

‘ಶಕ್ತಿಯೇ ಉಡುಗಿದವನಿಗೆ ಯಾರು ಗತಿ?’ ಎಂಬ ಕ್ರೈಸ್ತರ ಪ್ರಶ್ನೆಯನ್ನು ಜೈನರು ಕಡೆಗಣಿಸುವಂತಿಲ್ಲ. ಸಮ್ಯಗ್ದರ್ಶನವು ಸ್ವಭಾವದಿಂದಲಾದರೂ ಉಪದೇಶದಿಂದಲಾದರೂ ಉಂಟಾಗುತ್ತದೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಪಂಚಲಬ್ಧಿಗಳಲ್ಲಿ ದೇಶನಾಲಬ್ಧಿಯೂ ಒಂದು. ಜೀವನಿಗೆ ಹೊರಗಿನಿಂದ ಏನೂ ಒದಗುವುದಿಲ್ಲವೆಂಬುದು ಜೈನಮತವಲ್ಲ. ಗುರುವಿನ ಕರುಣೆ ನಿಮಿತ್ತ, ಉಪಾದಾನ ಜೀವನೇ. ಗುರುವು ದಾರಿ ತೋರಿಸಬಲ್ಲ, ಹೊತ್ತೊಯ್ಯಲಾರ. ಕ್ರೈಸ್ತನು ಒಪ್ಪದಿರುವುದು ಈ ಕೊನೆಯ ಮಾತನ್ನು.