ಪಂಚತಂತ್ರದ ಕಥಾಮುಖವೂ ಮಂದಶಿಷ್ಯರ ಪ್ರಶ್ನೆಯೂ

ಪಂಚತಂತ್ರವನ್ನು ರಾಜನೀತಿಯ ಗ್ರಂಥವೆಂದೂ ಪ್ರಾಣಿಕಥೆಗಳ ಭಂಡಾರವೆಂದೂ ವಿಮರ್ಶಿಸಿದವರು ಅನೇಕರಿದ್ದಾರೆ. ಅದರ ಕಥಾಮುಖವನ್ನು ಮಾತ್ರ ಕಥೆಗಳಿಗೆ ಕಟ್ಟಿದ ಬರಿಯ ತೋರಣವೆಂದೆಣಿಸಿ ದಾಟಿಹೋಗುವುದು ವಾಡಿಕೆಯಾಗಿದೆ. ಬೋಧನಕ್ರಮದ ದೃಷ್ಟಿಯಿಂದ ನೋಡಿದರೆ ಗ್ರಂಥದ ಮುಖ್ಯ ಪ್ರತಿಜ್ಞೆಯು ಅಲ್ಲಿಯೇ ಇರುವುದು. ಅದು ನೆರವೇರಿತೇ ಎಂಬ ಪರೀಕ್ಷೆಯು ಸಾಹಿತ್ಯೋಪಾಧ್ಯಾಯರಿಗೆ ಅನಾವಶ್ಯಕವಾದುದಲ್ಲ.

1199ರಲ್ಲಿ ಪೂರ್ಣಭದ್ರನು ಪರಿಷ್ಕರಿಸಿದ ಪಾಠದಂತೆ, ಅಮರಶಕ್ತಿಯೆಂಬ ಅರಸನ ಮೂವರು ಮಕ್ಕಳೂ ವಿದ್ಯಾವಿಮುಖರು. ಮೂರ್ಖನಾದ ಮಗನಿಗಿಂತ ಹುಟ್ಟದ ಮಗನೇ ಮೇಲೆಂದು ತಂದೆಯು ಮರುಗುವನು. ವ್ಯಾಕರಣವೊಂದಕ್ಕೇ 12 ವರ್ಷಗಳು ಬೇಕು, ಶಾಸ್ತ್ರಗಳು ಆ ಮೇಲಿನ ಮಾತು ಎಂಬುದು ಸಭೆಯ ವಾದ. ಸುಮತಿಯೆಂಬ ಮಂತ್ರಿಯು ಸಂಕ್ಷೇಪಮಾರ್ಗವನ್ನು ಸೂಚಿಸಲು, ವೃದ್ಧನಾದ ವಿಷ್ಣುಶರ್ಮನು ಅರಸನು ಕೊಡಬಂದ ಶಾಸನಗಳನ್ನು ನಿರಾಕರಿಸಿ, 6 ತಿಂಗಳಲ್ಲಿ ಅವರನ್ನು ನೀತಿಜ್ಞರನ್ನಾಗಿ ಮಾಡುವೆನೆಂದು ಪಣತೊಡುವನು. ಅರಸನು ದೋಷವನ್ನು ಮಕ್ಕಳಲ್ಲಿ ಕಂಡನು. ಆಚಾರ್ಯನು ಅದನ್ನು ಪಾಠಕ್ರಮದಲ್ಲಿ ಕಂಡನು. ಕಥಾಮುಖದ ಸಾರವೆಲ್ಲ ಈ ಒಂದು ಭೇದದಲ್ಲಿದೆ.

ಆಚಾರ್ಯನು ಹಿಡಿದ ಕ್ರಮವಾದರೂ ಯಾವುದು? ಮೊದಲು ನೀತಿಯು ಶ್ಲೋಕರೂಪದಲ್ಲಿ ಒಗಟಿನಂತೆ ಬರುವುದು, 'ಅದು ಹೇಗೆ?' ಎಂಬ ಪ್ರಶ್ನೆಯು ಹುಟ್ಟುವುದು. ಬಳಿಕ ಕಥೆಯು ನಡೆಯುವುದು. ಕೊನೆಗೆ ಅದೇ ನೀತಿಯು ಮರಳಿ ಬಂದು ನಿಲ್ಲುವುದು. ಮಿತ್ರಭೇದದಲ್ಲಿ ಸೀಳಿದ ಮರದ ಬೆಣೆಯನ್ನು ಕಿತ್ತು ಪ್ರಾಣವನ್ನು ಕಳೆದುಕೊಂಡ ಕೋತಿಯ ಕಥೆಯನ್ನು ನೋಡಬಹುದು. ತನ್ನದಲ್ಲದ ಕೆಲಸಕ್ಕೆ ಕೈಹಾಕಬಾರದೆಂಬ ತತ್ತ್ವವನ್ನು ಗ್ರಹಿಸಲಾರದವನಿಗೂ ಕೋತಿಯ ಅವಸ್ಥೆಯು ಕಣ್ಣಿಗೆ ಕಟ್ಟುವುದು. ಕಥೆಯ ವಿವರವನ್ನು ಮರೆತವನಿಗೆ ಶ್ಲೋಕವು ಬಾಯಿಯಲ್ಲಿ ಉಳಿಯುವುದು. ಒಂದೇ ಅರ್ಥಕ್ಕೆ ಎರಡು ಬಾಗಿಲುಗಳನ್ನು ತೆರೆದಿಟ್ಟುದೇ ಈ ಕ್ರಮದ ಗುಣವು.

ಇಷ್ಟಾದರೂ ಗ್ರಂಥದಲ್ಲಿ ಒಂದು ಕೊರತೆಯು ಉಳಿಯುತ್ತದೆ. ಯಾರಿಗಾಗಿ ಕಥೆಗಳು ಹೊರಟವೋ ಆ ರಾಜಕುಮಾರರು ಕಥೆಗಳ ನಡುವೆ ಬಹುಮಟ್ಟಿಗೆ ಮರೆಯಾಗುತ್ತಾರೆ. 'ಅದು ಹೇಗೆ?' ಎಂದು ಕೇಳುವವರು ಹೆಚ್ಚಾಗಿ ನರಿ, ಕಾಗೆ ಮುಂತಾದ ಪಾತ್ರಗಳೇ. ನಾರಾಯಣನ ಹಿತೋಪದೇಶವು ಇದನ್ನು ಕೊಂಚಮಟ್ಟಿಗೆ ತಿದ್ದಿದೆ; ಅಲ್ಲಿ ಭಾಗಭಾಗದ ಆರಂಭದಲ್ಲಿ ರಾಜಪುತ್ರರೇ ಮುಂದಿನ ವಿಷಯವನ್ನು ಬೇಡುತ್ತಾರೆ, ಕಡೆಗೆ ತಮ್ಮ ತೃಪ್ತಿಯನ್ನೂ ತಿಳಿಸುತ್ತಾರೆ. ಆದರೆ ಎರಡರಲ್ಲಿಯೂ ಶಿಷ್ಯರು ಒಂದೇ ಕಂಠದವರು. ಅಮರಶಕ್ತಿಯ ಮಕ್ಕಳಿಗೆ ಮೂರು ಹೆಸರುಗಳುಂಟು, ಮೂರು ಸ್ವಭಾವಗಳಿಲ್ಲ. ಯಾರಿಗೆ ಯಾವುದು ತೊಡಕಾಯಿತೆಂಬುದನ್ನು ವಿಷ್ಣುಶರ್ಮನು ವಿಚಾರಿಸಿದಂತೆ ತೋರುವುದಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯು ಬೇರೊಂದು ತಿರುವನ್ನು ಪಡೆಯಿತು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 11ನೆಯ ಶತಮಾನದಲ್ಲಿ ವಸುಭಾಗಭಟ್ಟನ ಪರಂಪರೆಯನ್ನನುಸರಿಸಿ ತನ್ನ ಪಂಚತಂತ್ರವನ್ನು ರಚಿಸಿದನು. ಗದ್ಯಪ್ರಧಾನವಾದ ಆ ಚಂಪುವಿನ ಪ್ರೌಢಿಯು ಶ್ಲಾಘ್ಯವೇ ಸರಿ. ಆದರೆ ಸಂಸ್ಕೃತಭೂಯಿಷ್ಠವಾದ ಅದರ ಶೈಲಿಯು ಪಂಡಿತರ ಕಿವಿಗೆ ಒಪ್ಪುವಂತಹುದು. ಮಂದಮತಿಗಳಿಗೆಂದು ಹುಟ್ಟಿದ ಗ್ರಂಥವು ವಿದ್ವಾಂಸರ ಸೊತ್ತಾದುದು ಕವಿಯ ದೋಷವಲ್ಲ. ಅವನ ಉದ್ದೇಶವೇ ಬೇರೆ. ಅದನ್ನೇ ಇಂದಿನ ತರಗತಿಯಲ್ಲಿ ಸುಲಭಪಾಠವೆಂದು ಎಲ್ಲರ ಮುಂದೆ ಇಡುವುದಾದರೆ ಅದು ಉಪಾಧ್ಯಾಯರ ದೋಷವು.

ಇಂದು ಈ ವಿಚಾರವು ಕೇವಲ ಸಾಹಿತ್ಯದ್ದಾಗಿ ಉಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಎಲ್ಲರನ್ನೊಳಗೊಂಡ ಶಿಕ್ಷಣವನ್ನು ವಿಧಿಸಿ, ಕಲಿಕೆಯ ನಿರ್ದಿಷ್ಟ ನ್ಯೂನತೆಗಳನ್ನೂ ಪರಿಗಣಿಸಿದೆ. ಅಕ್ಷರಗಳನ್ನು ಕೂಡಿಸಿ ಓದಲು ತೊಡಕುಳ್ಳ ಬಾಲಕನಿಗೆ ಹೇಳಿದ ಕಥೆಯು ವರವಾಗಬಹುದು; ಕಿವಿ ಕೇಳದ ಬಾಲಕಿಗೆ ಅದೇ ಕಥೆಯು ಚಿತ್ರದಿಂದಲೋ ಕೈಸನ್ನೆಯ ಭಾಷೆಯಿಂದಲೋ ತಲುಪದಿದ್ದರೆ ಬರಿಯ ಮೌನವಾದೀತು. ಇಬ್ಬರನ್ನೂ 'ದಡ್ಡರು' ಎಂಬ ಒಂದೇ ಮಾತಿನಿಂದ ಕರೆಯುವುದು ಅಮರಶಕ್ತಿಯ ತಪ್ಪನ್ನು ಮತ್ತೆ ಮಾಡಿದಂತೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು, ಮಕ್ಕಳು ಕಾರ್ಡುಗಳ ಸಹಾಯದಿಂದ ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರಲೆಂದು ಏರ್ಪಡಿಸಿದುದು, ವಿಷ್ಣುಶರ್ಮನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರವನ್ನು ಹುಡುಕುವ ಒಂದು ಯತ್ನವು.

ಪಾಠಕ್ರಮವು ಶಿಷ್ಯನಿಗಾಗಿ ಬದಲಾಗಬೇಕೆಂಬುದನ್ನು ಪಂಚತಂತ್ರದ ಕಥಾಮುಖವು ತೋರಿಸಿಕೊಟ್ಟಿತು. ಶಿಷ್ಯರಲ್ಲಿ ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಅರಿಯುವ ಕೆಲಸವನ್ನು ಅದು ಮುಂದಿನವರಿಗೆ ಉಳಿಸಿದೆ. ಗ್ರಂಥವನ್ನು ಪಾಠಹೇಳುವವರು ಈ ಎರಡನ್ನೂ ಗಮನಿಸಿದಲ್ಲಿ ಮಾತ್ರ ಅದರ ಅಧ್ಯಯನವು ಪೂರ್ಣವಾಗುವುದು.